ಜೋಸೆಫ್ ಚೇಂಬರ್ಲೇನ್

ನಮ್ಮ ತಂದೆಯವರು ವರ್ಷಕ್ಕೊಮ್ಮೆ ಪುರಸಭೆಗೆ ಹೋಗಿ ಮನೆಗಂದಾಯ ಕಟ್ಟಿ, ರಸೀದಿಯನ್ನು ತಂದು ತಂತಿಗೆ ಸಿಕ್ಕಿಸಿಡುತ್ತಾರೆ. ಆ ಹಣವು ಮುಂದೆ ಏನಾಗುತ್ತದೆಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಕಾಲೇಜಿಗೆ ಸೇರಿ ಇಂಗ್ಲೆಂಡಿನ ಚರಿತ್ರೆಯನ್ನು ಓದುತ್ತಿರುವಾಗ, ಬರ್ಮಿಂಗ್‌ಹ್ಯಾಮ್ ನಗರದ ಮೇಯರ್ ಆಗಿದ್ದ ಜೋಸೆಫ್ ಚೇಂಬರ್ಲೇನನ ಜೀವನವು ನನ್ನ ಗಮನವನ್ನು ಸೆಳೆಯಿತು. ಅಂದಿನಿಂದ ಆ ರಸೀದಿಯನ್ನು ನೋಡುವ ನನ್ನ ದೃಷ್ಟಿಯೇ ಬದಲಾಯಿತೆನ್ನಬೇಕು.

ಚೇಂಬರ್ಲೇನನು 1836ನೆಯ ಇಸವಿ ಜುಲೈ 8ರಂದು ಲಂಡನ್ನಿನಲ್ಲಿ ಹುಟ್ಟಿದನು. ತಂದೆಯದು ಪಾದರಕ್ಷೆಗಳ ವ್ಯಾಪಾರ. ಹದಿನಾರನೆಯ ವಯಸ್ಸಿಗೆ ಶಾಲೆ ಬಿಟ್ಟು ಆ ಕಸುಬಿಗೆ ಸೇರಿದ ಹುಡುಗನಿಗೆ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತುವ ಭಾಗ್ಯವಿರಲಿಲ್ಲ. 1854ರಲ್ಲಿ ಬಂಧುಗಳ ತಿರುಪುಮೊಳೆ ಕಾರ್ಖಾನೆಯನ್ನು ನೋಡಿಕೊಳ್ಳಲು ಬರ್ಮಿಂಗ್‌ಹ್ಯಾಮಿಗೆ ಬಂದನು. ಲೆಕ್ಕಪತ್ರದಲ್ಲಿ ನಿಪುಣನಾದ ಅವನು ಇಪ್ಪತ್ತು ವರ್ಷಗಳಲ್ಲಿ ಬೇಕಾದಷ್ಟು ಸಂಪಾದಿಸಿ, 1874ರಲ್ಲಿ ವ್ಯಾಪಾರದಿಂದ ನಿವೃತ್ತನಾದನು.

ಅಷ್ಟರಲ್ಲಿ ಅವನು ಊರಿನ ಕೆಲಸಕ್ಕೆ ಕೈಹಾಕಿದ್ದನು. 1869ರಲ್ಲಿ ನಗರಸಭೆಯ ಸದಸ್ಯನಾಗಿ, 1873ರ ನವೆಂಬರಿನಲ್ಲಿ ಮೇಯರ್ ಆಗಿ ಆಯ್ಕೆಯಾದನು. ಆಗಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಕೈಗೆ ಕೆಲಸವುಂಟು, ಕುಡಿಯಲು ಶುದ್ಧವಾದ ನೀರಿಲ್ಲ. ಊರ ನಡುವೆಯೇ ಗಾಳಿ ಬೆಳಕು ಕಾಣದ ಕೊಳೆಗೇರಿಗಳು. ರೋಗಗಳಿಗೆ ಅವೇ ತವರುಮನೆ. ಇವುಗಳನ್ನು ಸುಧಾರಿಸಬೇಕೆಂದರೆ ಹಣ ಬೇಕು. ಕರವನ್ನು ಹೆಚ್ಚಿಸೋಣವೆಂದರೆ ಕರದಾತರು ಒಪ್ಪುವವರಲ್ಲ. ಆದುದರಿಂದ ಹಿಂದಿನ ಸದಸ್ಯರು ಮಿತವ್ಯಯವೇ ಧರ್ಮವೆಂದು ನಂಬಿ ಸುಮ್ಮನಿದ್ದರು.

ಚೇಂಬರ್ಲೇನನು ಈ ಗಂಟನ್ನು ವ್ಯಾಪಾರಿಯಂತೆ ಬಿಡಿಸಿದನು. ಊರಿಗೆ ದೀಪದ ಅನಿಲವನ್ನು ಒದಗಿಸುತ್ತಿದ್ದ ಎರಡು ಖಾಸಗಿ ಕಂಪೆನಿಗಳನ್ನು ನಗರಸಭೆಯೇ ಕೊಳ್ಳಬೇಕೆಂದು ಸೂಚಿಸಿದನು. ಬೆಲೆ ಸುಮಾರು 20 ಲಕ್ಷ ಪೌಂಡು. ಕೇಳಿದವರು ಬೆರಗಾದರು. ಆದರೆ ಊರಿನ ಕರಗಳ ಆಧಾರದ ಮೇಲೆ ನಗರಸಭೆಗೆ ಕಡಿಮೆ ಬಡ್ಡಿಗೆ ಸಾಲ ಹುಟ್ಟುತ್ತದೆ, ಬಡ್ಡಿಯನ್ನು ತೀರಿಸಿ ಉಳಿಯುವ ಲಾಭವು ಊರಿಗೇ ಸೇರುತ್ತದೆ ಎಂದು ಅವನು ಲೆಕ್ಕ ಮಾಡಿ ತೋರಿಸಿದನು. ಇಂತಹ ಮಸೂದೆಯನ್ನು ಪಾರ್ಲಿಮೆಂಟಿನ ಮುಂದೆ ಇಡುವುದಕ್ಕೆ ಮೊದಲು ಬಹಿರಂಗ ಸಭೆಯಲ್ಲಿ ಕರದಾತರ ಒಪ್ಪಿಗೆಯನ್ನು ಪಡೆಯಬೇಕೆಂದು 1872ರ ಕಾಯಿದೆಯು ವಿಧಿಸಿತ್ತು. ಆ ಒಪ್ಪಿಗೆಯೂ ದೊರೆಯಿತು. 1875ರಲ್ಲಿ ಅನಿಲವು ಊರಿನದಾಯಿತು. ಮೊದಲ ವರ್ಷವೇ ಸುಮಾರು 34 ಸಾವಿರ ಪೌಂಡು ಲಾಭ ಬಂದಿತು. ಮರುವರ್ಷ ನೀರಿನ ಕಂಪೆನಿಯೂ ನಗರಸಭೆಯ ವಶವಾಯಿತು. ಅನಿಲದಿಂದ ಲಾಭ ಪಡೆಯಬಹುದು, ಆದರೆ ನೀರು ಜನರ ಆರೋಗ್ಯದ ಪ್ರಶ್ನೆಯಾದ್ದರಿಂದ ಅದರಿಂದ ಲಾಭ ಪಡೆಯಬಾರದೆಂಬುದು ಅವನ ನೀತಿ.

ಇದೇ ಕಾಲದಲ್ಲಿ, 1875ರ ಫೆಬ್ರವರಿಯಲ್ಲಿ, ಅವನ ಎರಡನೆಯ ಪತ್ನಿಯು ಹೆರಿಗೆಯಲ್ಲಿ ತೀರಿಕೊಂಡಳು. ಮೊದಲನೆಯವಳೂ 1863ರಲ್ಲಿ ಹಾಗೆಯೇ ಅಗಲಿದ್ದಳು. ದುಃಖದಿಂದ ಕುಗ್ಗಿದ ಅವನು ಪದವಿಯನ್ನು ಬಿಡಲು ಸಿದ್ಧನಾದರೂ ಸಹೋದ್ಯೋಗಿಗಳು ಬಿಡಗೊಡಲಿಲ್ಲ.

ಅದೇ ವರ್ಷ ಕಾರ್ಮಿಕರ ವಸತಿ ಸುಧಾರಣೆಯ ಕಾಯಿದೆ ಬಂದಿತು. ವೈದ್ಯಾಧಿಕಾರಿಯು ಅನಾರೋಗ್ಯಕರವೆಂದು ವರದಿ ಮಾಡಿದ ಪ್ರದೇಶವನ್ನು ನಗರಸಭೆಯು ಕೊಂಡು, ಕೆಡವಿ, ಹೊಸದಾಗಿ ಕಟ್ಟಿಸಬಹುದಾಗಿತ್ತು. ಚೇಂಬರ್ಲೇನನು ಊರ ನಡುವಿನ 90 ಎಕರೆಗೂ ಮೀರಿದ ಪ್ರದೇಶಕ್ಕೆ ಯೋಜನೆ ಹೂಡಿದನು. ಆರಂಭದ ಖರೀದಿಗಾಗಿ ತನ್ನ ಸ್ವಂತ ಹಣದಿಂದ 10 ಸಾವಿರ ಪೌಂಡು ಮುಂದಿಟ್ಟನು. ಕೊಂಡ ಜಮೀನನ್ನು ನಗರಸಭೆಯು ಮಾರಲಿಲ್ಲ. ಕಟ್ಟಡ ಕಟ್ಟುವವರಿಗೆ 75 ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಗುತ್ತಿಗೆಯ ಹಣದಿಂದ ಸಾಲ ತೀರಬೇಕು. ಅವಧಿ ಮುಗಿದ ಮೇಲೆ ಜಮೀನೂ ಕಟ್ಟಡವೂ ಊರಿಗೇ ಸೇರಬೇಕು. ತಾನು ನೆಟ್ಟ ಮರದ ಹಣ್ಣನ್ನು ಮೊಮ್ಮಕ್ಕಳು ತಿನ್ನಲಿ ಎನ್ನುವ ರೈತನ ಲೆಕ್ಕವಿದು. 1878ರಲ್ಲಿ ಕಾರ್ಪೊರೇಷನ್ ರಸ್ತೆಯ ಕೆಲಸ ಆರಂಭವಾಯಿತು.

ರಸ್ತೆಯೇನೋ ಭವ್ಯವಾಯಿತು. ಆದರೆ ಅಲ್ಲಿ ಎದ್ದವು ಬಹುಮಟ್ಟಿಗೆ ಅಂಗಡಿಗಳು, ಕಚೇರಿಗಳು. ಬೆಲೆಬಾಳುವ ಜಾಗದಲ್ಲಿ ಬಡವರಿಗೆ ಮನೆ ಕಟ್ಟಲು ಗುತ್ತಿಗೆದಾರರು ಮುಂದೆ ಬರಲಿಲ್ಲ. ನಗರಸಭೆಯೇ ಕಾರ್ಮಿಕರಿಗಾಗಿ ಮನೆ ಕಟ್ಟಿಸಿದ್ದು 1890ರ ಸುಮಾರಿಗೆ; ಅದೂ ನೂರರಷ್ಟು ಮಾತ್ರ. ಗುಡಿಸಲು ಕಳೆದುಕೊಂಡವರು ಪಕ್ಕದ ಕೇರಿಗಳಲ್ಲಿ ಇನ್ನಷ್ಟು ಒತ್ತೊತ್ತಾಗಿ ಸೇರಿಕೊಂಡರು. ಇಷ್ಟು ಜಾಣನಾದ ಮೇಯರ್ ಇದನ್ನು ಕಾಣಲಿಲ್ಲವೆ ಎಂದು ನಾನು ಬಹಳ ಯೋಚಿಸಿದ್ದೇನೆ. ಉತ್ತರವು ಕಾಯಿದೆಯಲ್ಲೇ ಇದೆ. ಯೋಜನೆಯ ವಿಷಯವಾಗಿ ಮಾಲೀಕರಿಗೂ ಗುತ್ತಿಗೆದಾರರಿಗೂ ನೋಟೀಸು ಕೊಡಬೇಕಾಗಿತ್ತು. ತಿಂಗಳ ಅಥವಾ ಅದಕ್ಕೂ ಕಡಿಮೆ ಅವಧಿಯ ಬಾಡಿಗೆದಾರರಿಗೆ ಕೊಡಬೇಕಾಗಿರಲಿಲ್ಲ. ಕೊಳೆಗೇರಿಯ ಜನರಾದರೋ ವಾರದ ಬಾಡಿಗೆಯವರು. ಹಣ ಕೊಡುವವರನ್ನು ಕೇಳಿದರು, ಜಮೀನುಳ್ಳವರನ್ನು ಕೇಳಿದರು. ಮನೆ ಬಿಡುವವರನ್ನು ಕೇಳುವ ಕಟ್ಟಳೆಯೇ ಇರಲಿಲ್ಲ.

1876ರಲ್ಲಿ ಚೇಂಬರ್ಲೇನನು ಪಾರ್ಲಿಮೆಂಟನ್ನು ಸೇರಿದನು. ಮುಂದೆ 1895ರಿಂದ 1903ರವರೆಗೆ ವಸಾಹತುಗಳ ಮಂತ್ರಿಯಾಗಿ ಸಾಮ್ರಾಜ್ಯವಾದದ ವಕ್ತಾರನಾದನು. ದಕ್ಷಿಣ ಆಫ್ರಿಕದ ಯುದ್ಧದ ಹೊಣೆಯಲ್ಲಿ ಅವನ ಪಾಲು ದೊಡ್ಡದು. ಪರಾಧೀನತೆಯನ್ನು ಅನುಭವಿಸಿದ ನಾಡಿನವರಾದ ನಾವು ಅವನ ಆ ಮುಖವನ್ನು ಮೆಚ್ಚಲಾರೆವು. ಆದರೂ ಕಾಲೇಜು ಕಾಣದ ಅವನೇ 1900ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಸ್ಥಾಪನೆಗೆ ಕಾರಣನಾಗಿ ಅದರ ಮೊದಲ ಕುಲಾಧಿಪತಿಯಾದನೆಂಬುದು ನಮ್ಮಂತಹ ವಿದ್ಯಾರ್ಥಿಗಳು ನೆನೆಯಬೇಕಾದ ಸಂಗತಿ. 1906ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ, 1914ರ ಜುಲೈ 2ರಂದು ಕಾಲವಾದನು. ದೇಹವನ್ನು ಅವನ ನಗರದಲ್ಲಿಯೇ ಮಣ್ಣು ಮಾಡಿದರು.

ಊರಿನ ಹಣದಿಂದ ಊರನ್ನು ಕಟ್ಟಬಹುದೆಂಬುದು ಅವನ ಬಾಳಿನ ಪಾಠ. ಕಟ್ಟುವಾಗ ಯಾರನ್ನು ಕೇಳದೆ ಬಿಟ್ಟೆವೋ ಅವರ ಮನೆಯೇ ಮೊದಲು ಬೀಳುತ್ತದೆಂಬುದು ಅವನ ಸೋಲಿನ ಪಾಠ. ನಮ್ಮ ಮನೆತನದಲ್ಲಿ ಪದವಿ ಪರೀಕ್ಷೆಗೆ ಕೂರುವವರಲ್ಲಿ ನಾನೇ ಮೊದಲಿಗನು. ಮುಂದಿನ ಸಲ ಕಂದಾಯ ಕಟ್ಟುವಾಗ ತಂದೆಯವರೊಡನೆ ನಾನೂ ಹೋಗಿ, ಆ ಹಣವು ಎಲ್ಲಿಗೆ ಹೋಗುತ್ತದೆಂದು ವಿನಯದಿಂದಲೇ ಕೇಳಬೇಕೆಂದಿದ್ದೇನೆ.