ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರು

ಶರಣಮಾರ್ಗದಲ್ಲಿ ಕಾಯಕ ದಾಸೋಹಗಳೆರಡೂ ಒಂದೇ ಬಂಡಿಯ ಎರಡು ಗಾಲಿಗಳಂತಿರುವುವು. ದಾಸೋಹವು ಹಸಿದವನಿಗೆ ಅನ್ನವನ್ನೀಯುವುದು. ಕಾಯಕವು ಅವನನ್ನೇ ಮತ್ತೊಬ್ಬರಿಗೆ ಅನ್ನವನ್ನೀಯಬಲ್ಲವನನ್ನಾಗಿ ಮಾಡುವುದು. ಕಣ್ಣಿಲ್ಲದವರ ವಿಷಯದಲ್ಲಿ ಮೊದಲನೆಯದನ್ನು ಮಾತ್ರ ಮಾಡಿ ಕೃತಾರ್ಥರಾದೆವೆಂದು ತಿಳಿಯುವುದು ಲೋಕರೂಢಿಯಾಗಿತ್ತು. ಎರಡನೆಯದೂ ಸಾಧ್ಯವೆಂಬುದನ್ನು ತಮ್ಮ ಬಾಳಿನಿಂದಲೇ ಕನ್ನಡನಾಡಿಗೆ ತೋರಿಸಿಕೊಟ್ಟ ಮಹಾನುಭಾವರು ಗದುಗಿನ ಶ್ರೀ ಪಂಚಾಕ್ಷರಿ ಗವಾಯಿಗಳವರು. ಆದಕಾರಣ ಈ ಸ್ಮರಣಸಂಪುಟದಲ್ಲಿ ಅವರ ಚರಿತ್ರವನ್ನು ಸಂಕ್ಷೇಪವಾಗಿ ನಿವೇದಿಸುವೆವು.

ಮುಂಡಗೋಡ ಸೀಮೆಗೆ ನೆರೆಯದಾದ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ, 1892ನೆಯ ಇಸವಿಯ ಫೆಬ್ರುವರಿ 2ರಂದು, ಬಡ ಜಂಗಮ ಮನೆತನದಲ್ಲಿ ಇವರ ಜನನವಾಯಿತು. ತಂದೆತಾಯಿಗಳಿಟ್ಟ ಹೆಸರು ಗದಿಗಯ್ಯ. ಗದಿಗಯ್ಯನೂ ಅವನ ಅಣ್ಣನೂ ಇಬ್ಬರೂ ಜನ್ಮಾಂಧರು. ಆ ಕಾಲದಲ್ಲಿ ಅಂತಹ ಮಕ್ಕಳಿಗೆ ಕಾದಿದ್ದುದು ಮನೆಯ ಮೂಲೆ, ಇಲ್ಲವೆ ಭಿಕ್ಷಾಪಾತ್ರೆ. ಆದರೆ ಈ ಬಾಲಕರಿಗೆ ಶಿವನು ಕಣ್ಣಿಗೆ ಬದಲಾಗಿ ಕಂಠವನ್ನು ಕರುಣಿಸಿದ್ದನು.

ಆ ಕಂಠದ ಬೆಲೆಯನ್ನು ಅರಿತವರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳವರು. 1909ರಲ್ಲಿ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಪೂಜ್ಯರು ಬಾಲಕರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಅನ್ನವಸ್ತ್ರಗಳನ್ನಿತ್ತು ಸುಮ್ಮನಾಗಲಿಲ್ಲ, ಸಂಗೀತವಿದ್ಯೆಗೆ ಏರ್ಪಾಡು ಮಾಡಿದರು. ಗದಿಗಯ್ಯನು ಮೊದಲು ಕರ್ನಾಟಕ ಸಂಗೀತವನ್ನು ಅಭ್ಯಸಿಸಿದನು. ತರುವಾಯ ಗ್ವಾಲಿಯರ ಪರಂಪರೆಯ ಪ್ರಸಿದ್ಧ ಗಾಯಕರಾದ ಮಿರಜದ ನೀಲಕಂಠಬುವಾ ಅವರಿಂದ ಹಿಂದುಸ್ತಾನಿ ಸಂಗೀತವನ್ನು ಕಲಿಯುವ ಯೋಗವು ಒದಗಿತು. ಹೀಗೆ ಎರಡು ಪದ್ಧತಿಗಳಲ್ಲಿಯೂ ಪಾರಂಗತನಾದ ಗದಿಗಯ್ಯನು ಪಂಚಾಕ್ಷರಿ ಗವಾಯಿಯೆಂದು ಲೋಕವಿಖ್ಯಾತನಾದನು.

ವಿದ್ಯೆ ಕೈಗೂಡಿದ ಮೇಲೆ ಅವರ ಮುಂದೆ ಎರಡು ದಾರಿಗಳಿದ್ದುವು. ಸಭೆಗಳಲ್ಲಿ ಹಾಡಿ ಕೀರ್ತಿಸಂಪತ್ತುಗಳನ್ನು ಗಳಿಸುವುದು ಒಂದು. ತಮ್ಮಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳಿಗೆ ಆ ವಿದ್ಯೆಯನ್ನು ಧಾರೆಯೆರೆಯುವುದು ಇನ್ನೊಂದು. ಗುರುವಿನ ಅಪ್ಪಣೆಯನ್ನು ಶಿರಸಾವಹಿಸಿ ಅವರು ಎರಡನೆಯದನ್ನೇ ಆರಿಸಿಕೊಂಡು, ಆಜನ್ಮ ಬ್ರಹ್ಮಚರ್ಯವನ್ನು ಕೈಕೊಂಡರು.

ಆ ಪಾಠಶಾಲೆಗೆ ಬಹುಕಾಲ ಸ್ವಂತ ಕಟ್ಟಡವಿರಲಿಲ್ಲ. ಗುರುಶಿಷ್ಯರೆಲ್ಲರೂ ಊರಿಂದೂರಿಗೆ ಸಂಚರಿಸುತ್ತ, ಮಠಗಳಲ್ಲಿ ತಂಗುತ್ತ, ಭಕ್ತರು ನೀಡಿದುದನ್ನು ಉಣ್ಣುತ್ತ ವಿದ್ಯಾಭ್ಯಾಸವನ್ನು ನಡೆಸಿದರು. ಬರಗಾಲ ಬಂದರೆ ಕೊಡುವ ಕೈಗಳೇ ಬರಿದಾಗುವುವು. ಶಿಷ್ಯರ ಹೊಟ್ಟೆಯಾದರೋ ಬರಗಾಲವನ್ನರಿಯದು. ಮಕ್ಕಳನ್ನು ಮರಳಿ ಬೀದಿಗೆ ಕಳುಹಿಸಲೊಲ್ಲದೆ ಗವಾಯಿಗಳು ನಾಟಕಮಂಡಳಿಯೊಂದನ್ನು ಕಟ್ಟಿದರು. ವೃತ್ತಿನಾಟಕವೆಂದರೆ ಅನೇಕ ಸಂಭಾವಿತರು ಮುಖ ಸಿಂಡರಿಸುತ್ತಿದ್ದ ಕಾಲವದು. ಆದರೂ ಅಂಧರು ತಮ್ಮ ದುಡಿಮೆಯಿಂದಲೇ ಉಣ್ಣಬಲ್ಲರೆಂಬುದನ್ನು ರಂಗಸ್ಥಳವೇ ಸಾರಿತು.

ಅವರ ಬೋಧನಕ್ರಮವು ವಿಚಾರಾರ್ಹವಾದುದು. ಸಂಗೀತಕ್ಕೆ ಕಿವಿಯೇ ಪುಸ್ತಕ, ನೆನಪೇ ಲೇಖನಿ. ಗುರುವು ಹಾಡಿದುದನ್ನು ಶಿಷ್ಯನು ಕೇಳಿ, ಮರಳಿ ಹಾಡಿ, ತಪ್ಪಿದಲ್ಲಿ ತಿದ್ದಿಸಿಕೊಂಡು ಮನನ ಮಾಡುವನು. ತಬಲಾ ಹಾರ್ಮೋನಿಯಂಗಳಲ್ಲಿ ಬೆರಳೇ ಸ್ಥಾನವನ್ನು ಕಂಡುಕೊಳ್ಳುವುದು. ಕಣ್ಣಿದ್ದವರಿಗೂ ಇಲ್ಲದವರಿಗೂ ಇಲ್ಲಿ ದಾರಿಯೊಂದೇ. ಆದುದರಿಂದ ಅಂಧನು ಕನಿಕರದ ಪಾತ್ರನಾಗಿ ಅಲ್ಲ, ಸಮಾನ ವಿದ್ಯಾರ್ಥಿಯಾಗಿ ಕುಳಿತುಕೊಳ್ಳುತ್ತಿದ್ದನು. ಜಾತಿಮತಗಳ ಭೇದವೆಣಿಸದೆ ಊಟ, ವಸತಿ, ವಿದ್ಯೆ ಮೂರೂ ಧರ್ಮಾರ್ಥವಾಗಿ ದೊರೆಯುತ್ತಿದ್ದುವು. ಕಲಿತವನು ಸಂಗೀತ ಶಿಕ್ಷಕನೋ ಕೀರ್ತನಕಾರನೋ ಪಕ್ಕವಾದ್ಯಗಾರನೋ ಆಗಿ ಹೊರಬೀಳುವನು; ತನ್ನ ಮನೆಯನ್ನು ತಾನೇ ನಡೆಯಿಸುವನು.

ಕೊನೆಗೆ ಗದುಗಿನ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಈ ಸಂಚಾರಿ ಗುರುಕುಲಕ್ಕೆ ನೆಲೆ ದೊರೆತು, ವೀರೇಶ್ವರ ಪುಣ್ಯಾಶ್ರಮವು ಅಲ್ಲಿ ಬೇರೂರಿತು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮುಂತಾದ ಗಾಯಕರತ್ನಗಳು ಗವಾಯಿಗಳ ಶಿಷ್ಯವರ್ಗದಲ್ಲಿ ಬೆಳಗಿದರು. 1944ರ ಜೂನ್ 11ರಂದು ಗವಾಯಿಗಳು ಲಿಂಗೈಕ್ಯರಾದರು.

ಅವರು ಬಿಟ್ಟುಹೋದ ಆಸ್ತಿಯೆಂದರೆ ಹಣವಲ್ಲ, ಶಿಷ್ಯರು. ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಜನಿಸಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಶ್ರೀ ಪುಟ್ಟರಾಜ ಗವಾಯಿಗಳು ಆ ಭಾರವನ್ನು ಹೊತ್ತರು. ಅವರು ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥಗಳನ್ನು ರಚಿಸಿದರು. ಭಕ್ತರು ಮಾಡಿದ ಅಸಂಖ್ಯ ತುಲಾಭಾರಗಳ ಕಾಣಿಕೆಯನ್ನು ಆಶ್ರಮದ ಮಕ್ಕಳಿಗೇ ಸಲ್ಲಿಸಿದರು. 2010ರ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾಗುವವರೆಗೆ, ಅಂಧ ಗುರುವಿನ ಪೀಠದಲ್ಲಿ ಅಂಧ ಶಿಷ್ಯನು ಆರು ದಶಕಗಳಿಗೂ ಮಿಕ್ಕಿ ಆ ಸೇವೆಯನ್ನು ನಡೆಯಿಸಿದನೆಂಬುದೇ ಪಂಚಾಕ್ಷರಿ ಗವಾಯಿಗಳ ಉಪದೇಶಕ್ಕೆ ಪರಮಪ್ರಮಾಣವು.

ಭಕ್ತಮಹಾಶಯರೇ, ಈಗ ಕಾಲವು ಬದಲಾಗಿರುವುದು. 2016ರ ಶಾಸನವು 21 ಬಗೆಯ ವಿಕಲತೆಗಳನ್ನು ಗುರುತಿಸಿ, ಸರಕಾರಿ ಉದ್ಯೋಗಗಳಲ್ಲಿ ನೂರಕ್ಕೆ 4ರಷ್ಟು ಸ್ಥಾನಗಳನ್ನು ಕಾದಿರಿಸಿದೆ. ಆದರೆ ಶಾಸನವು ತಾನಾಗಿ ಜೋಯಿಡಾದ ಕಾಡುಹಾಡಿಯ ಗುಡಿಸಲಿಗೆ ನಡೆದು ಬಾರದು. ಹಳಿಯಾಳ ಮುಂಡಗೋಡಗಳ ಹಳ್ಳಿಯಲ್ಲಾಗಲಿ, ದಾಂಡೇಲಿಯ ಕೇರಿಯಲ್ಲಾಗಲಿ ಮೂಲೆಯಲ್ಲಿ ಕುಳಿತ ಮಗುವೊಂದನ್ನು ಕಂಡಾಗ, ಕುಮಾರ ಮಹಾಸ್ವಾಮಿಗಳು ಕಾಡಶೆಟ್ಟಿಹಳ್ಳಿಯ ಗದಿಗಯ್ಯನಲ್ಲಿ ಏನನ್ನು ಕಂಡರೆಂಬುದನ್ನು ನೆನೆಯಬೇಕು. ಆ ಮಗುವಿಗೆ ಕೈತುತ್ತನ್ನಿಕ್ಕಿ ಹಿಂದಿರುಗದೆ, ಅದಕ್ಕೆ ಯಾವ ವಿದ್ಯೆ ಒಗ್ಗುವುದೆಂದು ವಿಚಾರಿಸಿ, ಶಾಲೆಗೆ ಮುಟ್ಟಿಸಿ, ಕಲಿತ ಮೇಲೆ ಕೆಲಸವನ್ನು ಕೊಡಿಸಿದರೆ ದಾಸೋಹವು ಪೂರ್ಣವಾಗುವುದು. ಗಾನಯೋಗಿಗಳವರ ಸ್ಮರಣೆಗೆ ಇದಕ್ಕಿಂತ ಮಿಗಿಲಾದ ಪೂಜೆಯಿಲ್ಲ.

ಮಂಗಳಮಸ್ತು.