ಪಂಪ

ಪಂಪ (ಜನನ: ಕ್ರಿ.ಶ. 902) ಕನ್ನಡದ ಆದಿಕವಿ ಎಂದು ಪ್ರಸಿದ್ಧನಾದ ಹತ್ತನೆಯ ಶತಮಾನದ ಚಂಪೂಕವಿ. ಆದಿಪುರಾಣ ಮತ್ತು ವಿಕ್ರಮಾರ್ಜುನ ವಿಜಯ (ಪಂಪಭಾರತ) ಇವನ ಕೃತಿಗಳು. ಪೊನ್ನ, ರನ್ನರೊಡನೆ ಇವನನ್ನು ರತ್ನತ್ರಯರಲ್ಲಿ ಒಬ್ಬನೆಂದು ಗಣಿಸಲಾಗಿದೆ. ತಮ್ಮ ಸ್ವಭಾವಕ್ಕೆ ತಕ್ಕಂತೆ ತಾವೇ ನಡೆದುಕೊಳ್ಳುವ ಜೀವಂತ ಪಾತ್ರಗಳಿಗಾಗಿ ಇವನ ಕಾವ್ಯ ಹೆಸರಾಗಿದೆ.

ಜೀವನ

ಪಂಪನ ಪೂರ್ವಜರು ವೆಂಗಿಮಂಡಲದ ವೈದಿಕ ಬ್ರಾಹ್ಮಣರು. ತಂದೆ ಅಭಿರಾಮದೇವರಾಯನು ಜೈನಧರ್ಮವನ್ನು ಸ್ವೀಕರಿಸಿದನು. ತಾಯಿ ಅಬ್ಬಣಬ್ಬೆ, ಇಂದಿನ ಧಾರವಾಡ ಜಿಲ್ಲೆಗೆ ಸೇರಿದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಈ ಸಂಗತಿ ತಿಳಿದುಬಂದದ್ದು ಪಂಪನ ತಮ್ಮ ಜಿನವಲ್ಲಭನು ತೆಲಂಗಾಣದ ಕುರ್ಕ್ಯಾಲದಲ್ಲಿ ಬರೆಯಿಸಿದ ಬಂಡೆಶಾಸನದಿಂದ. ಇದರಲ್ಲಿ ಸಂಸ್ಕೃತ, ಕನ್ನಡ ಮತ್ತು ತೆಲುಗು ಪದ್ಯಗಳಿವೆ.

ರಾಷ್ಟ್ರಕೂಟರ ಸಾಮಂತನಾಗಿದ್ದ ವೇಮುಲವಾಡದ ಚಾಲುಕ್ಯ ದೊರೆ ಇಮ್ಮಡಿ ಅರಿಕೇಸರಿಯು ಪಂಪನ ಆಶ್ರಯದಾತ. ಪಂಪನು ಕವಿಯಷ್ಟೇ ಅಲ್ಲದೆ ಯೋಧನೂ ಆಗಿದ್ದನು. ಕವಿತಾಗುಣಾರ್ಣವ ಎಂಬುದು ಇವನ ಬಿರುದು. ಭಾರತವನ್ನು ರಚಿಸಿದ್ದಕ್ಕಾಗಿ ಅರಿಕೇಸರಿಯು ಇವನಿಗೆ ಧರ್ಮವುರ ಎಂಬ ಅಗ್ರಹಾರವನ್ನು ದಾನವಾಗಿ ನೀಡಿದನು.

ಆದಿಪುರಾಣ

ಕ್ರಿ.ಶ. 941ರಲ್ಲಿ ಪೂರ್ಣಗೊಂಡ ಈ ಕೃತಿಯು ಮೊದಲ ತೀರ್ಥಂಕರ ವೃಷಭನಾಥನ ಚರಿತ್ರೆ. ಜಿನಸೇನಾಚಾರ್ಯರ ಸಂಸ್ಕೃತ ಪೂರ್ವಪುರಾಣ ಇದಕ್ಕೆ ಆಧಾರ. ವೃಷಭನಾಥನಲ್ಲಿ ವೈರಾಗ್ಯ ಹುಟ್ಟಿಸಲು ಇಂದ್ರನು ಆಯುಷ್ಯ ಮುಗಿಯುತ್ತಿದ್ದ ನೀಲಾಂಜನೆಯನ್ನು ನರ್ತನಕ್ಕೆ ಕಳುಹಿಸುತ್ತಾನೆ. ಕುಣಿಯುತ್ತಿರುವಾಗಲೇ ಅವಳು ಅಳಿಯುತ್ತಾಳೆ. ರಸಭಂಗವಾಗದಂತೆ ಇಂದ್ರನು ಒಡನೆಯೇ ಅವಳದೇ ರೂಪದ ಮತ್ತೊಬ್ಬ ನರ್ತಕಿಯನ್ನು ಸೃಷ್ಟಿಸುತ್ತಾನೆ. ಸಭೆಗೆ ವ್ಯತ್ಯಾಸ ತಿಳಿಯುವುದಿಲ್ಲ. ವೃಷಭನಾಥನೊಬ್ಬನೇ ಅದನ್ನು ಗುರುತಿಸಿ ಸಂಸಾರದ ಅನಿತ್ಯತೆಯನ್ನು ಅರಿಯುತ್ತಾನೆ. ನಿಜಕ್ಕೂ ಅದರ ಪ್ರತಿರೂಪಕ್ಕೂ ಇರುವ ಅಂತರವನ್ನು ಕುರಿತ ಕನ್ನಡದ ಹಳೆಯ ಸನ್ನಿವೇಶಗಳಲ್ಲಿ ಇದು ಒಂದು.

ವಿಕ್ರಮಾರ್ಜುನ ವಿಜಯ

ಹದಿನಾಲ್ಕು ಆಶ್ವಾಸಗಳ ಈ ಕೃತಿಯಲ್ಲಿ ಪಂಪನು ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ್ದಾನೆ. ಆದ್ದರಿಂದ ಇಲ್ಲಿ ದ್ರೌಪದಿಯು ಅರ್ಜುನನೊಬ್ಬನ ಪತ್ನಿ. ಕೊನೆಯಲ್ಲಿ ಪಟ್ಟಾಭಿಷೇಕವೂ ಅರ್ಜುನನಿಗೇ. ಹೀಗಿದ್ದರೂ ಕವಿಯು ಪ್ರತಿಯೊಬ್ಬ ವೀರನಿಗೂ ಒಂದೊಂದು ಮೂಲಗುಣವನ್ನು ಗುರುತಿಸುತ್ತಾನೆ: ದುರ್ಯೋಧನನಿಗೆ ಛಲ, ಕರ್ಣನಿಗೆ ಸತ್ಯ, ಭೀಮನಿಗೆ ಪೌರುಷ, ಭೀಷ್ಮನಿಗೆ ಔನ್ನತ್ಯ, ಧರ್ಮರಾಯನಿಗೆ ಧರ್ಮ.

ಜನ್ಮರಹಸ್ಯ ತಿಳಿದ ಮೇಲೂ ಕರ್ಣನು ತನ್ನನ್ನು ಪೊರೆದ ದುರ್ಯೋಧನನನ್ನು ತೊರೆಯುವುದಿಲ್ಲ. ಹೊಸ ಸಂಗತಿ ಎದುರಾದಾಗ ಅವನ ನಡೆಯನ್ನು ನಿರ್ಧರಿಸುವುದು ಅವನ ಸ್ವಭಾವ ಮತ್ತು ಅನ್ನದ ಋಣ. ಆಶ್ರಯದಾತನೇ ನಾಯಕನಾಗಿರುವ ಕಾವ್ಯದಲ್ಲಿ, ಆ ನಾಯಕನ ಎದುರಾಳಿಯಾದ ಕರ್ಣನನ್ನು ವಿಶೇಷವಾಗಿ ನೆನೆಯಬೇಕೆಂದು ಪಂಪನು ಹೇಳಿರುವುದು ಗಮನಾರ್ಹ.

ಇಂದಿನ ಪಾತ್ರವಿನ್ಯಾಸದೊಡನೆ ಹೋಲಿಕೆ

ಕಂಪ್ಯೂಟರ್ ಆಟಗಳ ಕಲ್ಪಿತ ಲೋಕದಲ್ಲಿ ಸ್ವತಂತ್ರವಾಗಿ ವರ್ತಿಸುವ ಪಾತ್ರಗಳನ್ನು ರೂಪಿಸುವವರು ಅವುಗಳಿಗೆ ಗುಣ, ಗುರಿ ಮತ್ತು ನೆನಪುಗಳನ್ನು ಅಳವಡಿಸುತ್ತಾರೆ. ಸಂದರ್ಭ ಬದಲಾದಾಗ ಪಾತ್ರವು ಅವುಗಳ ಆಧಾರದಿಂದ ಪ್ರತಿಕ್ರಿಯಿಸುತ್ತದೆ. ಮಾಧ್ಯಮ ಬೇರೆಯಾದರೂ, ಮೂಲಗುಣದಿಂದ ನಡೆಯನ್ನು ಹೊರಡಿಸುವ ಪಂಪನ ಕ್ರಮವು ಇದಕ್ಕೆ ಹತ್ತಿರವಾಗಿದೆ. ಪಂಪನ ಪಾತ್ರಗಳಾದರೋ ತಮ್ಮ ಆಯ್ಕೆಯ ನೋವನ್ನೂ ಅನುಭವಿಸುತ್ತವೆ.

ಸ್ಮರಣೆ

ಪಂಪನ ಹೆಸರಿನಲ್ಲಿ ಕರ್ನಾಟಕ ಸರ್ಕಾರವು ಪಂಪ ಪ್ರಶಸ್ತಿಯನ್ನು ನೀಡುತ್ತದೆ. 1987ರ ಮೊದಲ ಪ್ರಶಸ್ತಿಯು ಕುವೆಂಪು ಅವರಿಗೆ ಸಂದಿತು.