ಮಧ್ಯಾಹ್ನ ಒಂದು ಗಂಟೆಗೆ ತೆಗೆದ ಫೋಟೋ

ಹೋದ ವರ್ಷ ಅಮ್ಮನ ಬರ್ತ್‌ಡೇಗೆ ಹಾಸ್ಟೆಲ್‌ನಲ್ಲಿ ಕೂತು ಆಪ್‌ನಲ್ಲಿ ಒಂದು ಫೋಟೋ ಕಾರ್ಡ್ ಮಾಡಿ ಕಳಿಸಿದ್ದೆ. ಎರಡೇ ನಿಮಿಷದ ಕೆಲಸ. ಅಮ್ಮ ಒಂದು ಹಾರ್ಟ್ ಹಾಕಿ ಸುಮ್ಮನಾದರು. ತಂಗಿ ಹಳೇ ಫೋಟೋ ಕತ್ತರಿಸಿ ಡ್ರಾಯಿಂಗ್ ಶೀಟಿಗೆ ಅಂಟಿಸಿದ ಕಾರ್ಡ್, ಗಮ್ ಎಲ್ಲಾ ಕಡೆ ಮೆತ್ತಿಕೊಂಡಿದ್ದರೂ, ಇವತ್ತಿಗೂ ಶೋಕೇಸ್‌ನಲ್ಲಿದೆ. ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ. ಕೈಯಾರೆ ಮಾಡಿದ ಫೋಟೋ ಗಿಫ್ಟ್‌ಗಳ ಬಗ್ಗೆ ಹುಡುಕುತ್ತಾ ಹೋದಾಗ ಸಿಕ್ಕವರು ಜೂಲಿಯಾ ಮಾರ್ಗರೆಟ್ ಕ್ಯಾಮರಾನ್. ಹೆಸರಲ್ಲೇ ಕ್ಯಾಮರಾ ಇದೆ, ಆದರೆ ಅದು ಗಂಡನ ಮನೆ ಹೆಸರು!

ಅವರು ಹುಟ್ಟಿದ್ದು 1815ರಲ್ಲಿ, ಕಲ್ಕತ್ತಾದಲ್ಲಿ. ಆರೋಗ್ಯ ಸುಧಾರಿಸಲಿ ಅಂತ 1836ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಗೆ ಹೋದಾಗ ವಿಜ್ಞಾನಿ ಜಾನ್ ಹರ್ಷಲ್ ಪರಿಚಯವಾಯಿತು. ಫೋಟೋ ಮಾಸಿಹೋಗದಂತೆ ಫಿಕ್ಸ್ ಮಾಡಲು ಬಳಸುವ ಹೈಪೋ ದ್ರಾವಣದ ಗುಣ ಕಂಡುಹಿಡಿದವರು ಇದೇ ಹರ್ಷಲ್. ಮುಂದೆ ಅವರು ಕಲ್ಕತ್ತಾಗೆ ಫೋಟೋಗ್ರಫಿಯ ಮೊದಮೊದಲ ಮಾದರಿಗಳನ್ನು ಕಳಿಸಿಕೊಟ್ಟರು. 1838ರಲ್ಲಿ ಜೂಲಿಯಾ ಮದುವೆಯಾದ ಚಾರ್ಲ್ಸ್ ಹೇ ಕ್ಯಾಮರಾನ್, ಮೆಕಾಲೆ ಜೊತೆ ಭಾರತದ ಕಾನೂನು ಆಯೋಗದಲ್ಲಿದ್ದವರು, ವಯಸ್ಸಿನಲ್ಲಿ ಇಪ್ಪತ್ತು ವರ್ಷ ದೊಡ್ಡವರು. 1848ರಲ್ಲಿ ಸಂಸಾರ ಇಂಗ್ಲೆಂಡಿಗೆ ಹೋಯಿತು, ಕೊನೆಗೆ ಐಲ್ ಆಫ್ ವೈಟ್ ದ್ವೀಪದ ಫ್ರೆಶ್‌ವಾಟರ್‌ನಲ್ಲಿ ನೆಲೆಸಿತು.

1863ರ ಕ್ರಿಸ್‌ಮಸ್ ಹೊತ್ತಿಗೆ ಗಂಡ ಸಿಲೋನಿನ ಕಾಫಿ ತೋಟ ನೋಡಲು ಹೋಗಿದ್ದರು. ಅಮ್ಮನಿಗೆ ಒಂಟಿತನ ಕಾಡದಿರಲಿ ಅಂತ ಮಗಳು, ಅಳಿಯ ಸೇರಿ ಒಂದು ಕ್ಯಾಮರಾ ಉಡುಗೊರೆ ಕೊಟ್ಟರು. ಆಗ ಜೂಲಿಯಾಗೆ 48 ವರ್ಷ. ಹೇಳಿಕೊಡುವವರು ಯಾರೂ ಇಲ್ಲ. ಕಲ್ಲಿದ್ದಲು ಇಡುವ ಕೋಣೆ ಡಾರ್ಕ್ ರೂಮ್ ಆಯಿತು, ಗಾಜಿನ ಕೋಳಿಗೂಡು ಸ್ಟುಡಿಯೋ ಆಯಿತು. (ಕೋಳಿಗಳನ್ನು ತಿನ್ನಲಿಲ್ಲವಂತೆ, ಬಿಟ್ಟುಬಿಟ್ಟರಂತೆ.) ಒಬ್ಬ ರೈತನಿಗೆ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಕೂರಿಸಿ ತೆಗೆದ ಮೊದಲ ಚಿತ್ರವನ್ನು ತಮ್ಮ ಕೈಯಿಂದಲೇ ಒರೆಸಿ ಹಾಳು ಮಾಡಿಕೊಂಡರು.

ಆಮೇಲೆ ಬಂತು 1864ರ ಜನವರಿ 29. ಆ ಶುಕ್ರವಾರ ಕ್ಯಾಮರಾ ಮುಂದೆ ಇಬ್ಬರು ಮಕ್ಕಳು. ಎಕ್ಸ್‌ಪೋಷರ್ ಅರ್ಧ ಆಗಿತ್ತು, ಒಂದು ಮಗು ಕಿಸಕ್ಕನೆ ನಕ್ಕುಬಿಟ್ಟಿತು. ಪ್ಲೇಟ್ ವೇಸ್ಟ್. ಜೂಲಿಯಾ ಆನಿ ಫಿಲ್‌ಪಾಟ್ ಎಂಬ ಹುಡುಗಿಯೊಬ್ಬಳನ್ನೇ ಕೂರಿಸಿ, ಅಲ್ಲಾಡಿದರೆ ಕೆಮಿಕಲ್ಲೂ ಹಾಳು, ನನ್ನ ಶ್ರಮವೂ ಹಾಳು ಅಂತ ಕೇಳಿಕೊಂಡರು. ಪಾಪ, ಅವಳು ಅಲ್ಲಾಡಲಿಲ್ಲ.

ಇದು ಈಗಿನ ಸೆಲ್ಫಿ ಥರ ಅಲ್ಲ. ಗಾಜಿನ ಮೇಲೆ ಕೊಲೋಡಿಯನ್ ಸುರಿದು, ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿ, ಒಣಗುವ ಮುಂಚೆಯೇ ಫೋಟೋ ತೆಗೆದು ಡೆವಲಪ್ ಮಾಡಬೇಕು. ಆಮೇಲೆ ಮೊಟ್ಟೆಯ ಬಿಳಿ ಲೋಳೆ ಸವರಿದ ಕಾಗದದ ಮೇಲೆ ಆ ಗಾಜನ್ನಿಟ್ಟು ಬಿಸಿಲಿಗೆ ಹಿಡಿಯಬೇಕು. ಜನವರಿಯಲ್ಲಿ ಅಲ್ಲಿ ಐದು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ! ಬಿಸಿಲಿರುವಾಗಲೇ ಪ್ರಿಂಟ್ ಮುಗಿಸಿ, ಟೋನ್ ಮಾಡಿ, ಫಿಕ್ಸ್ ಮಾಡಿ, ತೊಳೆದು, ಫ್ರೇಮ್ ಹಾಕಿ, ರಾತ್ರಿ ಎಂಟಕ್ಕೆ ಆನಿಯ ಅಪ್ಪನ ಕೈಗೆ ಕೊಟ್ಟರು. ಫೋಟೋ ತೆಗೆದದ್ದು ಮಧ್ಯಾಹ್ನ ಒಂದಕ್ಕೆ. ಏಳು ಗಂಟೆಯಲ್ಲಿ ಎಲ್ಲವೂ ತಾನೇ ಮಾಡಿದ್ದು ಅಂತ ಆ ಅಪ್ಪನಿಗೆ ಬರೆದೂ ಕೊಟ್ಟರು. ನನ್ನ ಮೊದಲ ಪ್ರೋಗ್ರಾಮ್ ರನ್ ಆದಾಗ ನಾನೂ ಸ್ಕ್ರೀನ್‌ಶಾಟ್ ಕಳಿಸಿದ್ದೆ, ಹಾಗಾಗಿ ಈ ಸಂಭ್ರಮ ಅರ್ಥವಾಗುತ್ತೆ.

ಅದೇ ವರ್ಷ ನವೆಂಬರ್‌ನಲ್ಲಿ ತಮ್ಮ ಫೋಟೋಗಳದ್ದೇ ಒಂದು ಆಲ್ಬಮ್ ಮಾಡಿ ಹರ್ಷಲ್‌ಗೆ ಕೊಟ್ಟರು. ಮುಂದೆ ಆ ಉಡುಗೊರೆಯನ್ನು ವಾಪಸ್ ಇಸ್ಕೊಂಡು, ಹೊಸ ಚಿತ್ರಗಳನ್ನು ಸೇರಿಸಿ 1867ರಲ್ಲಿ ಮತ್ತೆ ಕೊಟ್ಟರು! ಅಕ್ಕತಂಗಿಯರಿಗೆ, ಸ್ನೇಹಿತರಿಗೆ ಇಂಥ ಆಲ್ಬಮ್‌ಗಳು ಹೋಗುತ್ತಲೇ ಇದ್ದವು. ಆಗಿನ ಫೋಟೋಗ್ರಫಿ ಪತ್ರಿಕೆಗಳು ಮಾತ್ರ ಬೈದವು. ಫೋಕಸ್ ಇಲ್ಲ, ಪ್ಲೇಟ್ ಮೇಲೆ ಧೂಳು, ಗೀರು, ಬೆರಳಚ್ಚು. ತಪ್ಪೇನೂ ಹೇಳಿರಲಿಲ್ಲ, ಎಲ್ಲಾ ಇದ್ದಿದ್ದೇ. ಜೂಲಿಯಾ ಬದಲಾಗಲಿಲ್ಲ, ಅಷ್ಟೇ. ಹೆಸರು ಬಂತು, ಮಾರಾಟವೂ ಆಯಿತು, ಆದರೆ ಮನೆಯ ಸಾಲ ತೀರುವಷ್ಟು ದುಡ್ಡು ಬರಲಿಲ್ಲ.

ನನಗೆ ತುಂಬಾ ಇಷ್ಟವಾದದ್ದು 1871ರದ್ದು. ನಾಲ್ಕು ವರ್ಷ ಸಿಲೋನಿನಲ್ಲಿದ್ದ ಒಬ್ಬ ಮಗ ವಾಪಸ್ ಬಂದಾಗ ಜೂಲಿಯಾ ಅವನನ್ನು ಮೊದಲು ನೋಡಿದ್ದು ಬ್ರಾಕನ್‌ಹರ್ಸ್ಟ್ ರೈಲ್ವೆ ಸ್ಟೇಷನ್‌ನಲ್ಲಿ. ಆ ಖುಷಿಗೆ ತಾವು ತೆಗೆದಿದ್ದ ದೊಡ್ಡ ದೊಡ್ಡವರ ಭಾವಚಿತ್ರಗಳನ್ನು, ಕಾರಣವನ್ನೂ ಬರೆದು, ಅಲ್ಲಿನ ವೇಟಿಂಗ್ ರೂಮಿಗೆ ಕೊಟ್ಟುಬಿಟ್ಟರು. ಸ್ಟೇಷನ್‌ಗೇ ಗಿಫ್ಟ್!

1875ರಲ್ಲಿ ಗಂಡ ಹೆಂಡತಿ ಸಿಲೋನಿಗೆ ಹೊರಟರು. ಸಾಮಾನಿನ ಜೊತೆ ಎರಡು ಶವಪೆಟ್ಟಿಗೆ, ಒಂದು ಹಸು. ಕೂಲಿಗಳಿಗೆ ಕೊಡಲು ಚಿಲ್ಲರೆ ಇಲ್ಲದೆ ಫೋಟೋಗಳನ್ನೇ ಕೊಟ್ಟರು ಅಂತ ಒಂದು ಕಥೆ ಇದೆ. ಅಲ್ಲಿ ಹೆಚ್ಚು ಫೋಟೋ ತೆಗೆಯಲಾಗಲಿಲ್ಲ. 1879ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು, ಬೊಗವಂತಲಾವದ ಚರ್ಚಿನ ಅಂಗಳದಲ್ಲಿ ಸಮಾಧಿ ಇದೆ. ಕೊನೆಯ ಮಗನಿಗೆ ಹೆನ್ರಿ ಹರ್ಷಲ್ ಅಂತ ಹೆಸರಿಟ್ಟಿದ್ದರು. ಅವನೂ ಮುಂದೆ ಫೋಟೋಗ್ರಾಫರ್ ಆದ.